ಪೇಆಫ್ ಟೇಬಲ್ ಬರೆಯುವುದು ಹೇಗೆ: "ಈ ಅಂಕಿ ಯಾರದು?" ಅಂತ ಯಾರೂ ಕೇಳಬಾರದು

ಒಬ್ಬರಿಗೆ ಸಿಗುವ ಫಲ ಇನ್ನೊಬ್ಬರ ಆಯ್ಕೆಯ ಮೇಲೂ ನಿಂತಿದ್ದರೆ ಅದನ್ನು ಆಟ ಅಂತ ಕರೆದು, ಯಾರು ಏನು ಆರಿಸುತ್ತಾರೆ ಅಂತ ನೋಡುವುದು ಗೇಮ್ ಥಿಯರಿ. ಯಾರು ಏನು ಆರಿಸಿದರೆ ಯಾರಿಗೆ ಎಷ್ಟು ಸಿಗುತ್ತದೆ ಅಂತ ತೋರಿಸುವುದು ಪೇಆಫ್ ಟೇಬಲ್. ಗೇಮ್ ಥಿಯರಿ ಕಲಿಯಲು ಶುರು ಮಾಡಿದವರು ಮೊದಲು ಎಡವುವುದು ಲೆಕ್ಕದಲ್ಲಲ್ಲ, ಟೇಬಲ್ ಓದುವುದರಲ್ಲಿ. ಬೋರ್ಡ್ ಮೇಲೆ ನಾಲ್ಕು ಮನೆ ಬರೆದು, ಪ್ರತಿ ಮನೆಗೂ ಎರಡೆರಡು ಅಂಕಿ ತುಂಬಿ, "ಈಗ ಇವರು ಯಾವುದನ್ನು ಆರಿಸುತ್ತಾರೆ?" ಅಂತ ಕೇಳುತ್ತೇನೆ. ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ: "ಸರ್, ಇದರಲ್ಲಿ ಇವರ ಅಂಕಿ ಯಾವುದು?" ಅದು ಸರಿಯಾದ ಪ್ರಶ್ನೆಯೇ. ಆ ಹುಡುಗಿಗೆ ಯೋಚನೆ ಮಾಡಲು ಬರುವುದಿಲ್ಲ ಅಂತಲ್ಲ. ಟೇಬಲ್ ತಾನು ಹೇಳಬೇಕಾದ ಮಾತು ಹೇಳಿಲ್ಲ, ಅಷ್ಟೇ.

ಹಾಗಾಗಿ ಪೇಆಫ್ ಟೇಬಲ್ ಯಾವ ರೂಪದಲ್ಲಿ ಬರೆಯಬೇಕು ಅಂತ ಯೋಚಿಸುವಾಗ ನಾನು ಎರಡೇ ವಿಷಯ ನೋಡುತ್ತೇನೆ. ಈ ಅಂಕಿ ಯಾರದು ಅಂತ ಕಣ್ಣಿಗೇ ಗೊತ್ತಾಗುತ್ತದೆಯಾ? ಅವರು ಯಾವ ಅಂಕಿಯನ್ನು ಯಾವುದರ ಜೊತೆ ಹೋಲಿಸಬೇಕು ಅಂತ ಗೊತ್ತಾಗುತ್ತದೆಯಾ? ಬಣ್ಣ, ಗೆರೆ, ಫಾಂಟ್ ಎಲ್ಲಾ ಇದಾದ ಮೇಲೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೇತನಕ ಅದೇ ಬರುತ್ತದೆ. ಕೋಲಾರದ ಕಡೆ ಅಕ್ಕಪಕ್ಕದ ಎರಡು ಜಮೀನು. ಒಂದರಲ್ಲಿ ಮಾವು, ಇನ್ನೊಂದರಲ್ಲಿ ಟೊಮೇಟೊ. ಇಬ್ಬರ ಬೋರ್‌ವೆಲ್‌ಗೂ ಬರುವುದು ನೆಲದಡಿಯ ಒಂದೇ ನೀರು. ಆ ಸೀಮೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ಹೊಸದೇನಲ್ಲ, ಪಕ್ಕದವರು ಆಳಕ್ಕೆ ಹೋದರೆ ನಮ್ಮದು ಬತ್ತುತ್ತದೆ ಅನ್ನುವುದು ಅಲ್ಲಿನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರ ಮುಂದೆಯೂ ಎರಡು ದಾರಿ: ಇರುವ ಬೋರ್‌ವೆಲ್ ಇದ್ದಷ್ಟಕ್ಕೇ ಬಿಡುವುದು, ಇಲ್ಲವೇ ಇನ್ನೂ ಆಳಕ್ಕೆ ಕೊರೆಸುವುದು. ಕೆಳಗಿನ ಅಂಕಿಗಳನ್ನು ಉದಾಹರಣೆಗಾಗಿ ನಾನೇ ಇಟ್ಟಿದ್ದೇನೆ. ದೊಡ್ಡದಿದ್ದಷ್ಟೂ ಒಳ್ಳೆಯದು.

| ಮಾವು ↓ / ಟೊಮೇಟೊ → | ಇದ್ದಷ್ಟು | ಆಳ |
|---|---|---|
| ಇದ್ದಷ್ಟು | 6, 8 | 2, 10 |
| ಆಳ | 7, 1 | 3, 4 |

ಇದು ಎಲ್ಲರೂ ಬಳಸುವ ರೂಪ. ಅಡ್ಡಸಾಲು ಆರಿಸುವವರ ಅಂಕಿ ಮೊದಲು, ಕಂಬಸಾಲು ಆರಿಸುವವರ ಅಂಕಿ ಆಮೇಲೆ. ಇಲ್ಲಿ ಮಾವಿನವರು ಅಡ್ಡಸಾಲು, ಟೊಮೇಟೊದವರು ಕಂಬಸಾಲು. ಮಾವಿನವರು ಸುಮ್ಮನಿದ್ದು ಟೊಮೇಟೊದವರು ಆಳಕ್ಕೆ ಹೋದರೆ ಮೇಲಿನ ಬಲಗಡೆ ಮನೆ: ಮಾವಿಗೆ 2, ಟೊಮೇಟೊಗೆ 10. (ಚೌಕಾಬಾರದಲ್ಲಿ ಹೇಳುವ ಹಾಗೆ ಚೌಕವನ್ನು ಮನೆ ಅಂತಲೇ ಕರೆಯುತ್ತೇನೆ. ಎಲ್ಲರಿಗೂ ಗೊತ್ತಿರುವ ಮಾತು, ಬಾಯಿಗೂ ಸುಲಭ.)

ಇದರ ಒಳ್ಳೇ ಗುಣ ಏನೆಂದರೆ ಎಲ್ಲಿ ಬೇಕಾದರೂ ಟೈಪ್ ಮಾಡಬಹುದು. ಸಮಸ್ಯೆ ಏನೆಂದರೆ "ಮೊದಲನೆಯದು ಯಾರದು" ಅನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಅದು ಟೇಬಲ್‌ನ ಯಾವ ಮೂಲೆಯಲ್ಲೂ ಕಾಣುವುದಿಲ್ಲ, ಬರೀ ರೂಢಿ. ಅಭ್ಯಾಸ ಇದ್ದವರಿಗೆ ಇದು ಒಂದು ತೊಡಕೇ ಅಲ್ಲ. ಮೊದಲ ಸಲ ನೋಡುವವರಿಗೆ ಮಾತ್ರ ಪ್ರತಿ ಮನೆಗೂ ಒಂದು ಸಲ ತಲೆ ಎತ್ತಿ ಪಕ್ಕದ ವಾಕ್ಯ ಓದಬೇಕಾಗುತ್ತದೆ.

ಅಂಕಿಯನ್ನು ಅದರ ಯಜಮಾನರ ಹತ್ತಿರ ಇಡುವುದು

ಇದಕ್ಕೆ ಒಂದು ಹಳೆಯ ಪರಿಹಾರ ಇದೆ. ಎರಡು ಅಂಕಿಯನ್ನು ಅಕ್ಕಪಕ್ಕ ಬರೆಯುವ ಬದಲು ಒಂದನ್ನು ಮನೆಯ ಕೆಳಗಿನ ಎಡ ಮೂಲೆಗೆ, ಇನ್ನೊಂದನ್ನು ಮೇಲಿನ ಬಲ ಮೂಲೆಗೆ ಸರಿಸುವುದು. ಅಡ್ಡಸಾಲಿನವರ ಹೆಸರು ಟೇಬಲ್‌ನ ಎಡಗಡೆ ಇರುತ್ತದೆ, ಹಾಗಾಗಿ ಅವರ ಅಂಕಿ ಎಡಕ್ಕೆ. ಕಂಬಸಾಲಿನವರ ಹೆಸರು ಮೇಲೆ ಇರುತ್ತದೆ, ಹಾಗಾಗಿ ಅವರ ಅಂಕಿ ಮೇಲಕ್ಕೆ. ಯಾರ ಹೆಸರಿಗೆ ಯಾವ ಅಂಕಿ ಹತ್ತಿರವೋ ಅದು ಅವರದು. ಇದನ್ನು ಕಂಡುಹಿಡಿದವರು ಥಾಮಸ್ ಶೆಲ್ಲಿಂಗ್. 2005ರಲ್ಲಿ ರಾಬರ್ಟ್ ಔಮನ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಅವರೇ. ಗೇಮ್ ಥಿಯರಿಗೆ ನಿಮ್ಮ ಕೊಡುಗೆ ಏನು ಅಂತ ಯಾರಾದರೂ ಕೇಳಿದರೆ, ಟೇಬಲ್‌ನಲ್ಲಿ ಅಂಕಿಗಳನ್ನು ಹೀಗೆ ಮೇಲೆ ಕೆಳಗೆ ಇಟ್ಟದ್ದು ಅಂತ ಹೇಳುತ್ತೇನೆ ಎಂದು ಅವರು ಬರೆದುಕೊಂಡಿದ್ದರು. ಅಷ್ಟು ದೊಡ್ಡ ವಿದ್ವಾಂಸರು ಇಷ್ಟು ಸಣ್ಣ ವಿಷಯಕ್ಕೆ ಗಮನ ಕೊಟ್ಟದ್ದು ನನಗೆ ತುಂಬಾ ಇಷ್ಟ.

ಬೋರ್ಡ್ ಮೇಲೆ ಬರೆಯುವಾಗ ನಾನು ಯಾವಾಗಲೂ ಇದನ್ನೇ ಬಳಸುತ್ತೇನೆ, ಕೈ ಓಡುವ ಕ್ರಮವೂ ಮುಖ್ಯ. ಮೊದಲು ಖಾಲಿ ಮನೆ ಬರೆದು, ಪ್ರತಿ ಮನೆಗೂ ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಒಂದು ತೆಳು ಓರೆ ಗೆರೆ ಎಳೆಯಿರಿ. ಆಮೇಲೆ ಮಾವಿನವರ ನಾಲ್ಕೂ ಅಂಕಿ ಒಟ್ಟಿಗೆ ಬರೆಯಿರಿ, ಗೆರೆಯ ಕೆಳಗೆ: 6, 2, 7, 3. ಬರೆಯುತ್ತಾ "ಮಾವಿನವರಿಗೆ ಆರು, ಮಾವಿನವರಿಗೆ ಎರಡು" ಅಂತ ಬಾಯಲ್ಲೂ ಹೇಳಿ. ಅದು ಮುಗಿದ ಮೇಲೆ ಟೊಮೇಟೊದವರ ನಾಲ್ಕು, ಗೆರೆಯ ಮೇಲೆ: 8, 10, 1, 4. ಒಂದೊಂದು ಮನೆಯನ್ನು ಪೂರ್ತಿ ತುಂಬುತ್ತಾ ಹೋದರೆ ಕೇಳುವವರ ತಲೆಯಲ್ಲಿ ಇಬ್ಬರೂ ಬೆರೆತುಹೋಗುತ್ತಾರೆ. ಒಬ್ಬರನ್ನು ಮುಗಿಸಿ ಇನ್ನೊಬ್ಬರನ್ನು ಬರೆದರೆ ಬೆರೆಯುವುದಿಲ್ಲ.

ಮೂರನೇ ರೂಪ ಟೇಬಲ್ ಅನ್ನೇ ಎರಡು ಮಾಡುವುದು. ಒಬ್ಬೊಬ್ಬರಿಗೆ ಒಂದೊಂದು.

ಮಾವಿನವರಿಗೆ ಸಿಗುವುದು (ಮೇಲಿಂದ ಕೆಳಕ್ಕೆ ಹೋಲಿಸಿ):

| ಮಾವು ↓ / ಟೊಮೇಟೊ → | ಇದ್ದಷ್ಟು | ಆಳ |
|---|---|---|
| ಇದ್ದಷ್ಟು | 6 | 2 |
| ಆಳ | 7 | 3 |

ಟೊಮೇಟೊದವರಿಗೆ ಸಿಗುವುದು (ಎಡದಿಂದ ಬಲಕ್ಕೆ ಹೋಲಿಸಿ):

| ಮಾವು ↓ / ಟೊಮೇಟೊ → | ಇದ್ದಷ್ಟು | ಆಳ |
|---|---|---|
| ಇದ್ದಷ್ಟು | 8 | 10 |
| ಆಳ | 1 | 4 |

ಜಾಗ ಜಾಸ್ತಿ ಬೇಕು ಅಂತ ಹೆಚ್ಚಿನವರು ಇದನ್ನು ಬಿಡುತ್ತಾರೆ. ನನ್ನ ಪ್ರಕಾರ ಮೊದಲ ವಾರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ರೂಪ ಇಲ್ಲ. ಕಾರಣ, ಎರಡನೇ ಪ್ರಶ್ನೆಗೆ, ಅಂದರೆ ಯಾವುದನ್ನು ಯಾವುದರ ಜೊತೆ ಹೋಲಿಸಬೇಕು ಅನ್ನುವುದಕ್ಕೆ, ಇದೊಂದೇ ನೇರವಾಗಿ ಉತ್ತರ ಕೊಡುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ದೊಡ್ಡ ಗೊಂದಲ ಇರುವುದೇ ಇಲ್ಲಿ. ಮಾವಿನವರು ಆರಿಸುವುದು ಅಡ್ಡಸಾಲನ್ನು. ಹಾಗಾದರೆ ಅವರು ಅಡ್ಡಸಾಲಿನ ಉದ್ದಕ್ಕೂ ಅಂಕಿ ನೋಡಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಅದು ತಪ್ಪು. ಟೊಮೇಟೊದವರು ಏನು ಮಾಡುತ್ತಾರೆ ಅನ್ನುವುದು ಮಾವಿನವರ ಕೈಯಲ್ಲಿ ಇಲ್ಲ, ಅಂದರೆ ಯಾವ ಕಂಬಸಾಲು ಅನ್ನುವುದು ಅವರ ಕೈಯಲ್ಲಿ ಇಲ್ಲ. ಒಂದು ಕಂಬಸಾಲನ್ನು ಹಿಡಿದುಕೊಂಡು, ಅದರೊಳಗೆ ಮೇಲೆ ಇರುವುದು ಒಳ್ಳೆಯದೋ ಕೆಳಗೆ ಇರುವುದು ಒಳ್ಳೆಯದೋ ಅಂತ ನೋಡುವುದಷ್ಟೇ ಅವರಿಗೆ ಉಳಿದದ್ದು. ಅಡ್ಡಸಾಲಿನವರು ಮೇಲೆ ಕೆಳಗೆ ನೋಡುತ್ತಾರೆ, ಕಂಬಸಾಲಿನವರು ಎಡ ಬಲ ನೋಡುತ್ತಾರೆ. ಹೆಸರಿಗೂ ಕಣ್ಣು ಓಡುವ ದಿಕ್ಕಿಗೂ ಉಲ್ಟಾ.

ಇದನ್ನು ತೋರಿಸಲು ಒಂದು ಖಾಲಿ ಹಾಳೆ ಸಾಕು. ಬಲಗಡೆಯ ಕಂಬಸಾಲನ್ನು ಹಾಳೆಯಿಂದ ಮುಚ್ಚಿ. ಉಳಿದದ್ದು 6 ಮತ್ತು 7, ಮಾವಿನವರು 7 ಬೇಕೆನ್ನುತ್ತಾರೆ. ಹಾಳೆ ಎಡಕ್ಕೆ ಸರಿಸಿ. ಈಗ 2 ಮತ್ತು 3, ಅವರು 3 ಬೇಕೆನ್ನುತ್ತಾರೆ. ಎರಡೂ ಸಲ ಕೆಳಗಿನದು, ಅಂದರೆ "ಆಳ". ಟೊಮೇಟೊದವರ ಟೇಬಲ್‌ಗೆ ಬಂದು ಹಾಳೆಯನ್ನು ಅಡ್ಡ ಹಿಡಿಯಿರಿ: ಮೊದಲು 8 ಮತ್ತು 10, ಆಮೇಲೆ 1 ಮತ್ತು 4. ಇಲ್ಲೂ ಎರಡು ಸಲವೂ "ಆಳ". ಹೀಗೆ ಇಬ್ಬರೂ ಕೊರೆಸಿ 3 ಮತ್ತು 4ಕ್ಕೆ ಬಂದು ನಿಲ್ಲುತ್ತಾರೆ, ಇಬ್ಬರೂ ಸುಮ್ಮನಿದ್ದಿದ್ದರೆ 6 ಮತ್ತು 8 ಸಿಗುತ್ತಿತ್ತು. ಬಾಯಲ್ಲಿ ಹತ್ತು ಸಲ ವಿವರಿಸಿದರೂ ಹತ್ತದೇ ಇದ್ದದ್ದು ಹಾಳೆ ಸರಿಸಿದಾಗ ಹತ್ತುವುದನ್ನು ನಾನು ನೋಡಿದ್ದೇನೆ.

ಕಂಪ್ಯೂಟರ್‌ಗೆ ಲೆಕ್ಕ ಕೊಡುವಾಗಲೂ ಈ ಒಡೆದ ರೂಪವೇ ಬೇಕು. ಪೈಥಾನ್‌ನ ನ್ಯಾಶ್‌ಪೈ ಲೈಬ್ರರಿ ಕೇಳುವುದು ಎರಡು ಬೇರೆ ಮಾತೃಕೆಗಳನ್ನು (ಅಂಕಿಗಳ ಚೌಕಟ್ಟುಗಳನ್ನು), ಒಬ್ಬೊಬ್ಬರಿಗೆ ಒಂದು. ಎಕ್ಸೆಲ್‌ನಲ್ಲೂ ಹಾಗೇ ಇಡಿ. ಒಂದೇ ಮನೆಯಲ್ಲಿ "6-8" ಅಂತ ಬರೆದರೆ ಅದು ತಾರೀಖು ಆಗಿಬಿಡುತ್ತದೆ, "(3)" ಅಂತ ಬರೆದರೆ ಮೈನಸ್ 3 ಆಗುತ್ತದೆ.

ಒಂದೇ ಅಂಕಿ ಸಾಕಾಗುವ ಕಡೆ

ಒಬ್ಬರ ಲಾಭವೇ ಇನ್ನೊಬ್ಬರ ನಷ್ಟ ಅನ್ನುವ ಆಟದಲ್ಲಿ ಎರಡು ಅಂಕಿ ಬರೆಯುವುದು ದಂಡ. ಫುಟ್‌ಬಾಲ್ ಪೆನಾಲ್ಟಿ ತೆಗೆದುಕೊಳ್ಳಿ. ಇಗ್ನಾಸಿಯೊ ಪಲಾಸಿಯೋಸ್-ಹ್ಯೂರ್ಟಾ ಅನ್ನುವ ಅರ್ಥಶಾಸ್ತ್ರಜ್ಞರು ಯುರೋಪಿನ ಪಂದ್ಯಗಳ 1,417 ಪೆನಾಲ್ಟಿಗಳನ್ನು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಗೋಲ್ ಆಗುವ ಸಂಭವ ಶೇಕಡಾವಾರು ಹೀಗಿದೆ, ಒದೆಯುವವರು ಅಡ್ಡಸಾಲು, ಗೋಲ್‌ಕೀಪರ್ ಕಂಬಸಾಲು:

| ಒದೆಯುವವರು ↓ / ಕೀಪರ್ → | ಎಡ | ಬಲ |
|---|---|---|
| ಎಡ | 58 | 95 |
| ಬಲ | 93 | 70 |

ಕೀಪರ್‌ಗೆ ಸಿಗುವುದು ನೂರರಲ್ಲಿ ಉಳಿದದ್ದು, ಅದನ್ನು ಬರೆಯಬೇಕಾಗಿಲ್ಲ. ಆದರೆ "ಅಂಕಿ ಒದೆಯುವವರದು, ಕೀಪರ್‌ಗೆ ಇದು ಕಡಿಮೆ ಇದ್ದಷ್ಟೂ ಒಳ್ಳೆಯದು" ಅನ್ನುವ ಒಂದು ಸಾಲು ಟೇಬಲ್‌ಗೆ ಅಂಟಿಕೊಂಡೇ ಇರಬೇಕು. ಎಡ ಅಂದರೆ ಯಾರ ಎಡ ಅನ್ನುವುದೂ ಬೇಕು. ಇಬ್ಬರೂ ಎದುರುಬದುರು ನಿಂತಿರುತ್ತಾರೆ, ಒಬ್ಬರ ಎಡ ಇನ್ನೊಬ್ಬರ ಬಲ. ಒಬ್ಬರ ಕಡೆಯಿಂದಲೇ ಎರಡನ್ನೂ ಹೇಳದಿದ್ದರೆ ಟೇಬಲ್ ಪೂರ್ತಿ ತಿರುಗುಮುರುಗಾಗುತ್ತದೆ.

ಮೂಲದಲ್ಲಿ ಈ ಅಂಕಿಗಳು 58.30, 94.97, 92.91, 69.92 ಅಂತ ಇವೆ. ನಾನು ದುಂಡು ಮಾಡಿ ಬರೆದಿದ್ದೇನೆ. ಹಾಗೆ ಮಾಡಬಹುದಾ? ಲೆಕ್ಕ ಹಾಕಿ ನೋಡಿ. ಕೀಪರ್ ಯಾವ ಕಡೆ ಹಾರಿದರೂ ಒಂದೇ ಫಲ ಬರುವ ಹಾಗೆ ಒದೆಯುವವರು ಎಷ್ಟು ಸಲ ಎಡಕ್ಕೆ ಒದೆಯಬೇಕು ಅಂದರೆ, ಪೂರ್ತಿ ಅಂಕಿಗಳಲ್ಲಿ ನೂರಕ್ಕೆ 38.5 ಸಲ, ದುಂಡು ಅಂಕಿಗಳಲ್ಲಿ 60ಕ್ಕೆ 23, ಅಂದರೆ 38.3. ವ್ಯತ್ಯಾಸ ಏನೂ ಇಲ್ಲದಷ್ಟು ಕಡಿಮೆ. ಓದುಗರ ಕಣ್ಣಿಗೆ ಮಾತ್ರ ಎಷ್ಟೋ ಹಗುರ. ಟೇಬಲ್‌ನಲ್ಲಿ ಎರಡಂಕಿ, ಲೆಕ್ಕದಲ್ಲಿ ಪೂರ್ತಿ ಅಂಕಿ, ಇದು ನಾನು ಪಾಲಿಸುವ ಪದ್ಧತಿ. ಒಂದೇ ಎಚ್ಚರ, ದುಂಡು ಮಾಡಿದಾಗ ಎರಡು ಬೇರೆ ಅಂಕಿ ಒಂದೇ ಆಗಿಬಿಡಬಾರದು. 2.4 ಮತ್ತು 1.8 ಎರಡೂ 2 ಆದರೆ ಆಟವೇ ಬದಲಾಗುತ್ತದೆ.

ಜಾಸ್ತಿ ಒಳ್ಳೆಯದೋ, ಕಡಿಮೆ ಒಳ್ಳೆಯದೋ

ಕೈದಿಗಳ ಸಂದಿಗ್ಧ ಗೊತ್ತಲ್ವಾ? ಇಬ್ಬರು ಕಳ್ಳರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಪೊಲೀಸರು ಬಾಯಿ ಬಿಡಿಸುವ ಕಥೆ. ಇದರ ಟೇಬಲ್‌ನಲ್ಲಿ ಸಾಮಾನ್ಯವಾಗಿ ಜೈಲು ವರ್ಷಗಳನ್ನು ಬರೆಯುತ್ತಾರೆ. ಅಲ್ಲಿ 10 ಅಂದರೆ ಕೆಟ್ಟದ್ದು, 1 ಅಂದರೆ ಒಳ್ಳೆಯದು. ಮುಂದಿನ ಪುಟದ ಇನ್ನೊಂದು ಟೇಬಲ್‌ನಲ್ಲಿ ರೂಪಾಯಿ ಇರುತ್ತದೆ, ಅಲ್ಲಿ ಉಲ್ಟಾ. ಓದುಗರು ಹೈರಾಣಾಗುತ್ತಾರೆ. ವರ್ಷಗಳನ್ನು ಮೈನಸ್ ಹಾಕಿ ಬರೆಯಿರಿ, ಇಲ್ಲವೇ "ಕಡಿಮೆ ಇದ್ದಷ್ಟೂ ಒಳ್ಳೆಯದು" ಅಂತ ತಲೆಬರಹದಲ್ಲೇ ಹೇಳಿ. ಕೆಳಗೆ ಸಣ್ಣಕ್ಷರದ ಟಿಪ್ಪಣಿಯಲ್ಲಿ ಹೇಳಿದರೆ ಯಾರೂ ಓದುವುದಿಲ್ಲ.

ಇದರ ಹುಟ್ಟಿನ ಕಥೆಯಲ್ಲೂ ಟೇಬಲ್ ಬರೆಯುವವರಿಗೆ ಒಂದು ಪಾಠ ಇದೆ. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಷರ್ ಈ ಆಟವನ್ನು ರೂಪಿಸಿದಾಗ ಅದರಲ್ಲಿ ಕೈದಿಗಳೂ ಇರಲಿಲ್ಲ, ಜೈಲೂ ಇರಲಿಲ್ಲ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಮನಶ್ಶಾಸ್ತ್ರದವರ ಮುಂದೆ ಮಾತಾಡಬೇಕಿದ್ದ ಗಣಿತಜ್ಞ ಆಲ್ಬರ್ಟ್ ಟಕ್ಕರ್ ಅದಕ್ಕೆ ಕೈದಿಗಳ ಕಥೆ ಕಟ್ಟಿದರು. ಟಕ್ಕರ್ ಬರೆದದ್ದರಲ್ಲೂ ವರ್ಷಗಳಿರಲಿಲ್ಲ, ಬಹುಮಾನ ಮತ್ತು ದಂಡ ಇತ್ತು: ಒಬ್ಬನೇ ಬಾಯಿ ಬಿಟ್ಟರೆ ಅವನಿಗೆ 1 ಬಹುಮಾನ, ಇನ್ನೊಬ್ಬನಿಗೆ 2 ದಂಡ. ಪ್ಲಸ್ ಅಂದರೆ ಒಳ್ಳೆಯದು, ಮೈನಸ್ ಅಂದರೆ ಕೆಟ್ಟದ್ದು, ಗೊಂದಲಕ್ಕೆ ಎಡೆಯೇ ಇಲ್ಲ. ಬರೀ ಅಂಕಿಯ ಆಟಕ್ಕೆ ಹೆಸರು ಕೊಟ್ಟದ್ದರಿಂದಲೇ ಅದು ಲೋಕಕ್ಕೆಲ್ಲ ಗೊತ್ತಾಯಿತು. ನಿಮ್ಮ ಟೇಬಲ್‌ನಲ್ಲೂ "ಆಟಗಾರ 1, ತಂತ್ರ ಎ" ಅಂತ ಬರೆಯುವ ಬದಲು ಜನ, ಕೆಲಸ ಬರೆಯಿರಿ. ಓದುಗರು ಅಂಕಿ ಮರೆತರೂ ಮಾವಿನವರನ್ನು ಮರೆಯುವುದಿಲ್ಲ.

ಕ್ರಮ ಮಾತ್ರ ಮುಖ್ಯವಾದಾಗ, ಅಂದರೆ ಎಷ್ಟು ಒಳ್ಳೆಯದು ಅನ್ನುವುದಕ್ಕಿಂತ ಯಾವುದು ಯಾವುದಕ್ಕಿಂತ ಒಳ್ಳೆಯದು ಅನ್ನುವುದು ಸಾಕಾದಾಗ, 1ರಿಂದ 4ರವರೆಗೆ ಬರೆಯುವುದು ರೂಢಿ. 1966ರಲ್ಲಿ ಅನಾಟೊಲ್ ರಾಪೊಪೋರ್ಟ್ ಮತ್ತು ಮೆಲ್ವಿನ್ ಗೈಯರ್ ಹೀಗೇ ಅಂಕಿ ಕೊಟ್ಟು ಎರಡು-ಎರಡರ ಆಟಗಳು, ಅಂದರೆ ಇಬ್ಬರಿಗೂ ಎರಡೆರಡೇ ದಾರಿ ಇರುವ ಆಟಗಳು, ಒಟ್ಟು 78 ಬಗೆ ಅಂತ ಪಟ್ಟಿ ಮಾಡಿದರು. ಅಲ್ಲಿ 4 ಎಲ್ಲಕ್ಕಿಂತ ಒಳ್ಳೆಯದು. ನಮ್ಮಲ್ಲಿ ಒಂದು ತೊಂದರೆ ಇದೆ. ಫಸ್ಟ್ ರ‍್ಯಾಂಕ್, ಸೆಕೆಂಡ್ ರ‍್ಯಾಂಕ್ ಕೇಳಿ ಬೆಳೆದ ಕಿವಿಗೆ 1 ಅಂದರೆ ಎಲ್ಲರಿಗಿಂತ ಮುಂದೆ. "ಕ್ರಮ" ಅಥವಾ "ರ‍್ಯಾಂಕ್" ಅನ್ನುವ ಮಾತು ಬಂದ ಕೂಡಲೇ ಅರ್ಧ ತರಗತಿ 1 ಒಳ್ಳೆಯದು ಅಂದುಕೊಳ್ಳುತ್ತದೆ. ಅದಕ್ಕೆ ನಾನು ಆ ಪದ ಬಿಟ್ಟು "ಅಂಕ" ಅಂತ ಬರೆಯುತ್ತೇನೆ. ಅಂಕ ಜಾಸ್ತಿ ಬಂದರೆ ಒಳ್ಳೆಯದು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ರೂಪಾಯಿ ಬರೆಯುವಾಗ ಕಾಮಾ ಕಾಟ ಕೊಡುತ್ತದೆ. ಒಂದು ಮನೆಯಲ್ಲಿ "1,50,000, 2,00,000" ಅಂತ ಇದ್ದರೆ ಎಲ್ಲಿ ಒಬ್ಬರದು ಮುಗಿಯಿತು, ಎಲ್ಲಿ ಇನ್ನೊಬ್ಬರದು ಶುರುವಾಯಿತು? ತಲೆಬರಹದಲ್ಲಿ "ಲಕ್ಷ ರೂಪಾಯಿಗಳಲ್ಲಿ" ಅಂತ ಬರೆದು ಮನೆಯಲ್ಲಿ "1.5; 2" ಅಂತ ಇಡಿ. ಎರಡರ ನಡುವೆ ಅರ್ಧವಿರಾಮ ಅಥವಾ ಚೆನ್ನಾಗಿ ಜಾಗ ಬಿಟ್ಟ ಉದ್ದ ಗೆರೆ ಹಾಕಿ. ಟೈಪ್ ಮಾಡುವಾಗ ಅಂಕಿಗಳ ನಡುವೆ ಓರೆ ಗೆರೆ (/) ಬೇಡ, ಅದು ಭಾಗಾಕಾರ ಅನ್ನಿಸುತ್ತದೆ.

ಬಣ್ಣ, ಮತ್ತು ಝೆರಾಕ್ಸ್ ಅಂಗಡಿ

ಒಂದು ಸಲ ಕೆಂಪು ಮತ್ತು ನೀಲಿ ಅಂಕಿಗಳಲ್ಲಿ ತುಂಬಾ ಮುತುವರ್ಜಿಯಿಂದ ಎಂಟು ಟೇಬಲ್ ಮಾಡಿ, ಅರವತ್ತು ಪ್ರತಿ ಝೆರಾಕ್ಸ್ ಮಾಡಿಸಿದೆ. ಕೈಗೆ ಬಂದಾಗ ಎರಡೂ ಒಂದೇ ಬೂದು. "ಕೆಂಪು ಅಂಕಿ ನೋಡಿ" ಅಂತ ಬರೆದ ಸಾಲು ಮಾತ್ರ ಹಾಗೇ ಇತ್ತು. ಅವತ್ತಿನಿಂದ ಬಣ್ಣ ನನಗೆ ಎರಡನೇ ಸಹಾಯ, ಮೊದಲನೆಯದಲ್ಲ. ಒಬ್ಬರ ಅಂಕಿ ದಪ್ಪಕ್ಷರ, ಇನ್ನೊಬ್ಬರದು ಸಾದಾ, ಅದರ ಮೇಲೆ ಬೇಕಾದರೆ ಬಣ್ಣ. ಆಟಗಾರರ ಹೆಸರನ್ನೂ ಅದೇ ರೀತಿ ಬರೆಯಬೇಕು: ಮಾವು ದಪ್ಪ ಅಕ್ಷರದಲ್ಲಿದ್ದರೆ ಅವರ ನಾಲ್ಕೂ ಅಂಕಿ ದಪ್ಪ.

ಬಣ್ಣ ಆರಿಸುವಾಗ ಮಾವಿಗೆ ಹಳದಿ, ಟೊಮೇಟೊಗೆ ಕೆಂಪು ಅಂತ ಕೈ ಹೋಗುತ್ತದೆ. ಹಳದಿ ಬಿಳಿ ಹಾಳೆಯ ಮೇಲೆ ಕಾಣುವುದೇ ಇಲ್ಲ, ಪ್ರೊಜೆಕ್ಟರ್‌ನಲ್ಲಂತೂ ಮಾಯ. ಕೆಂಪು-ಹಸಿರು ಜೋಡಿಯನ್ನು ಪೂರ್ತಿ ಬಿಟ್ಟುಬಿಡಿ, ಆ ಎರಡರ ವ್ಯತ್ಯಾಸ ಕಾಣದವರು ಪ್ರತಿ ದೊಡ್ಡ ತರಗತಿಯಲ್ಲೂ ಒಬ್ಬಿಬ್ಬರು ಇರಬಹುದು, ಕೇಳದೆ ಗೊತ್ತಾಗುವುದಿಲ್ಲ. ಗಾಢ ನೀಲಿ ಮತ್ತು ಕಿತ್ತಳೆ ಜೋಡಿ ಬಹುತೇಕ ಎಲ್ಲರಿಗೂ ಬೇರೆಬೇರೆಯಾಗಿ ಕಾಣುತ್ತದೆ. ಕಿತ್ತಳೆಯನ್ನು ಸ್ವಲ್ಪ ಗಾಢ ಇಡಿ.

ವೆಬ್‌ನಲ್ಲಿ ಹಾಕುವುದಾದರೆ ಟೇಬಲ್ ಅನ್ನು ಚಿತ್ರ ಮಾಡಿ ಹಾಕಬೇಡಿ. ಸ್ಕ್ರೀನ್ ರೀಡರ್ ಬಳಸಿ ಓದುವವರಿಗೆ ಚಿತ್ರ ಅಂದರೆ ಖಾಲಿ ಗೋಡೆ. ನಿಜವಾದ ಟೇಬಲ್ ಇದ್ದು, ತಲೆಮನೆಗಳನ್ನು (ಸಾಲು, ಕಂಬಗಳ ಹೆಸರಿರುವ ಮನೆಗಳನ್ನು) ತಲೆಮನೆ ಅಂತಲೇ ಗುರುತಿಸಿದ್ದರೆ, ಅವರು ಮನೆಯಿಂದ ಮನೆಗೆ ಹೋಗುವಾಗ ಯಾವ ಸಾಲು ಯಾವ ಕಂಬ ಅಂತ ಕೇಳಿಸುತ್ತದೆ. ಅಂಥ ಕಡೆ ಮನೆಯೊಳಗೆ "ಮಾವು 2, ಟೊಮೇಟೊ 10" ಅಂತ ಹೆಸರು ಸಮೇತ ಬರೆದರೆ ಇನ್ನೂ ಒಳ್ಳೆಯದು. ನೋಡಿ ಓದುವವರಿಗೂ ಅದರಿಂದ ನಷ್ಟ ಇಲ್ಲ.

ಕನ್ನಡದಲ್ಲಿ ಬರೆಯುವಾಗ

ಕನ್ನಡದ ಕ್ರಿಯಾಪದಗಳು ಉದ್ದ. "ತಪ್ಪೊಪ್ಪಿಕೊಳ್ಳುವುದು" ಅಂತ ತಲೆಮನೆಯಲ್ಲಿ ಬರೆದರೆ ಒಂದು ಕಂಬಸಾಲು ಅಗಲವಾಗಿ ಇನ್ನೊಂದು ಸೊರಗುತ್ತದೆ, ಮೊಬೈಲ್‌ನಲ್ಲಿ ಪದವೇ ಮುರಿಯುತ್ತದೆ. ಆಡುಮಾತಿನಲ್ಲಿ ಚಿಕ್ಕ ಪದಗಳು ಬೇಕಾದಷ್ಟಿವೆ: ಬಾಯಿಬಿಡು, ಸುಮ್ನಿರು. ಬೋರ್‌ವೆಲ್ ಉದಾಹರಣೆಯಲ್ಲಿ "ಇದ್ದಷ್ಟು, ಆಳ" ಬಂದದ್ದೂ ಹೀಗೆಯೇ. ಎರಡು ಹೆಸರೂ ಹೆಚ್ಚುಕಡಿಮೆ ಒಂದೇ ಉದ್ದ ಇದ್ದರೆ ಟೇಬಲ್ ಚೌಕವಾಗಿ ನಿಲ್ಲುತ್ತದೆ.

ಇಂಗ್ಲಿಷ್ ಪುಸ್ತಕಗಳಲ್ಲಿ ಅಡ್ಡಸಾಲಿನವರ ಹೆಸರನ್ನು ಎಡಗಡೆ ತಿರುಗಿಸಿ ನಿಲ್ಲಿಸಿರುತ್ತಾರೆ. ಕನ್ನಡದಲ್ಲಿ ಹಾಗೆ ಮಾಡಬೇಡಿ, ಒತ್ತಕ್ಷರ ಇರುವ ಪದವನ್ನು ತಿರುಗಿಸಿದರೆ ಕತ್ತು ವಾಲಿಸಿದರೂ ಓದಲು ಕಷ್ಟ. ಒತ್ತು ಕೆಳಗಿನ ಗೆರೆಗೆ ತಾಗದ ಹಾಗೆ ಸಾಲಿನ ಎತ್ತರವನ್ನೂ ಸ್ವಲ್ಪ ಜಾಸ್ತಿ ಮಾಡಿ. ಅಂಕಿಗಳು ಮಾತ್ರ 1, 2, 3 ಇರಲಿ. ಕನ್ನಡ ಅಂಕಿಗಳ ಮೇಲೆ ನನಗೆ ಪ್ರೀತಿ ಇದೆ, ಆದರೆ ಸಣ್ಣ ಅಕ್ಷರದಲ್ಲಿ ೬ ಮತ್ತು ೯ ಒಂದೇ ತರ ಕಾಣುತ್ತವೆ, ಪೇಆಫ್ ಟೇಬಲ್‌ನಲ್ಲಿ ಆ ಒಂದು ತಪ್ಪಿನಿಂದ ಇಬ್ಬರೂ ಬಂದು ನಿಲ್ಲುವ ಮನೆಯೇ ಬದಲಾಗುತ್ತದೆ.

ಪುಟ ಜೋಡಿಸುವ ಲೇಟೆಕ್ ತಂತ್ರಾಂಶ ಬಳಸುವವರಿಗೆ ಮಾರ್ಟಿನ್ ಆಸ್ಬೋರ್ನ್ ಮಾಡಿರುವ ಎಸ್‌ಗೇಮ್ ಅನ್ನುವ ಪ್ಯಾಕೇಜ್ ಇದೆ, ಇಂಥ ಟೇಬಲ್‌ಗೆಂದೇ ಇರುವುದು. ಕನ್ನಡ ಅಕ್ಷರ ಸರಿಯಾಗಿ ಕೂಡಬೇಕಾದರೆ ಝೀಟೆಕ್ ಅಥವಾ ಲುಆಟೆಕ್‌ನಲ್ಲಿ ಓಡಿಸಿ, ಫಾಂಟ್ ನೋಟೋ ಕನ್ನಡ ಆದರೆ ಸಾಕು. ವಾಟ್ಸಾಪ್‌ನಲ್ಲಿ ಕಳಿಸುವಾಗ ಅಕ್ಷರಗಳನ್ನು ಒಂದೇ ಅಗಲ ಮಾಡುವ ಉಪಾಯ ಇಂಗ್ಲಿಷಿಗೆ ನಡೆಯುತ್ತದೆ, ಕನ್ನಡದ ಅಕ್ಷರಗಳು ಅದಕ್ಕೆ ಬಗ್ಗುವುದಿಲ್ಲ, ಕಂಬಗಳು ಸೊಟ್ಟಗಾಗುತ್ತವೆ. ಅಲ್ಲಿ ಟೇಬಲ್ ಬಿಟ್ಟು ನಾಲ್ಕು ಸಾಲು ಬರೆಯಿರಿ: "ಇಬ್ಬರೂ ಆಳ: ಮಾವು 3, ಟೊಮೇಟೊ 4", ಹೀಗೆ.

ಉತ್ತರವನ್ನು ಗುರುತಿಸುವುದು

ಒಬ್ಬರೇ ತಮ್ಮ ಆಯ್ಕೆ ಬದಲಿಸಿದರೆ ಯಾರಿಗೂ ಲಾಭವಿಲ್ಲದ ಸ್ಥಿತಿಯನ್ನು ನ್ಯಾಶ್ ಸಮತೋಲನ ಅನ್ನುತ್ತಾರೆ. ಅದು ಇರುವ ಮನೆಗೆ ನೇರವಾಗಿ ಬಣ್ಣ ತುಂಬಿಬಿಡುವುದು ನನಗೆ ಸರಿ ಅನ್ನಿಸುವುದಿಲ್ಲ. ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ, ಹೋಲಿಸುವ ಕೆಲಸ ಯಾರೂ ಮಾಡುವುದಿಲ್ಲ. ಅಡಿಗೆರೆ ಹಾಕುವುದು ಮೇಲು. ಎಡ ಕಂಬದಲ್ಲಿ ಮಾವಿನವರ 7ಕ್ಕೆ ಗೆರೆ, ಬಲ ಕಂಬದಲ್ಲಿ 3ಕ್ಕೆ ಗೆರೆ. ಮೇಲಿನ ಸಾಲಿನಲ್ಲಿ ಟೊಮೇಟೊದವರ 10ಕ್ಕೆ, ಕೆಳಗಿನ ಸಾಲಿನಲ್ಲಿ 4ಕ್ಕೆ. ಎರಡೂ ಅಂಕಿಗೆ ಗೆರೆ ಬಿದ್ದ ಮನೆ ಒಂದೇ, 3 ಮತ್ತು 4 ಇರುವುದು. ಎರಡು ಗೆರೆ ಅಲ್ಲಿಗೆ ಯಾಕೆ ಬಂದವು ಅನ್ನುವುದು ಟೇಬಲ್‌ನಲ್ಲೇ ಉಳಿದಿರುತ್ತದೆ. ನಕ್ಷತ್ರ ಚಿಹ್ನೆ ಬೇಡ, ಕೆಳಗೆ ಟಿಪ್ಪಣಿ ಇದೆ ಅಂತ ಓದುಗರು ಹುಡುಕುತ್ತಾರೆ. ಗೆರೆ ಇಲ್ಲದ ಟೇಬಲ್ ಮೊದಲು, ಗೆರೆ ಇರುವುದು ಮುಂದಿನ ಪುಟದಲ್ಲಿ.

ಟೇಬಲ್ ಸಾಲದಾದಾಗ

ಮೂವರು ಇದ್ದರೆ ಮೂರನೆಯವರು ಟೇಬಲ್ ಅನ್ನೇ ಆರಿಸುತ್ತಾರೆ: ಅಕ್ಕಪಕ್ಕ ಎರಡು ಟೇಬಲ್, ಎಡದ್ದರ ಮೇಲೆ "ಮೂರನೆಯವರು: ಇದ್ದಷ್ಟು", ಬಲದ್ದರ ಮೇಲೆ "ಮೂರನೆಯವರು: ಆಳ", ಪ್ರತಿ ಮನೆಯಲ್ಲೂ ಮೂರು ಅಂಕಿ. ಶೆಲ್ಲಿಂಗ್‌ರ ಮೂಲೆ ಪದ್ಧತಿ ಇಲ್ಲಿ ನಡೆಯುವುದಿಲ್ಲ, ಹೆಸರು ಅಥವಾ ಬಣ್ಣವೇ ಗತಿ. ಇಡೀ ಊರಿನ ಐವತ್ತು ಬೋರ್‌ವೆಲ್ ಅಂದರೆ ಟೇಬಲ್ ಮರೆತುಬಿಡಿ, ಗ್ರಾಫ್ ಬರೆಯಿರಿ. ಅಡ್ಡಕ್ಕೆ "ಉಳಿದವರಲ್ಲಿ ಎಷ್ಟು ಜನ ಆಳಕ್ಕೆ ಹೋದರು", ಲಂಬಕ್ಕೆ "ನನಗೆ ಎಷ್ಟು ಸಿಗುತ್ತದೆ", ಎರಡು ಗೆರೆ: ನಾನು ಸುಮ್ಮನಿದ್ದರೆ ಒಂದು, ಕೊರೆಸಿದರೆ ಒಂದು. ಇದೂ ಶೆಲ್ಲಿಂಗ್ ತೋರಿಸಿದ ದಾರಿಯೇ, 1973ರಲ್ಲಿ ಐಸ್ ಹಾಕಿ ಆಟಗಾರರು ಹೆಲ್ಮೆಟ್ ಯಾಕೆ ಹಾಕುವುದಿಲ್ಲ ಅನ್ನುವುದನ್ನು ವಿವರಿಸಲು ಅವರು ಇಂಥ ಚಿತ್ರಗಳನ್ನು ಬಳಸಿದರು. ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು ಮಾಡುವ ಆಟವಾದರೆ ಮರದ ರೂಪದಲ್ಲಿ ಬರೆಯಿರಿ, ಕೊಂಬೆ ಕೊಂಬೆಯಾಗಿ. ಅದನ್ನು ಟೇಬಲ್‌ಗೆ ತುರುಕಿದರೆ ಯಾರು ಮೊದಲು ಅನ್ನುವುದೇ ಕಳೆದುಹೋಗುತ್ತದೆ.

ಟೇಬಲ್ ಮುಗಿದ ಮೇಲೆ ಗೇಮ್ ಥಿಯರಿ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಒಂದು ಪ್ರಶ್ನೆ ಕೇಳಿ: ಮಾವಿನವರು ಸುಮ್ಮನಿದ್ದು ಟೊಮೇಟೊದವರು ಆಳಕ್ಕೆ ಹೋದರೆ ಟೊಮೇಟೊದವರಿಗೆ ಎಷ್ಟು? ನನ್ನ ಉದಾಹರಣೆಯಲ್ಲಿ ಎಂಟೂ ಅಂಕಿ ಬೇರೆ ಬೇರೆ ಇಟ್ಟದ್ದು ಇದಕ್ಕಾಗಿಯೇ, ಯಾವ ತಪ್ಪು ಉತ್ತರ ಬಂದರೂ ತಪ್ಪು ಎಲ್ಲಾಯಿತು ಅಂತ ಗೊತ್ತಾಗುತ್ತದೆ. 10 ಅಂದರೆ ಸರಿ. 2 ಅಂದರೆ ಮನೆ ಸರಿಯಾಗಿ ಸಿಕ್ಕಿದೆ, ಯಾರ ಅಂಕಿ ಅನ್ನುವುದು ಸಿಕ್ಕಿಲ್ಲ, ಮೂಲೆ ಪದ್ಧತಿಗೋ ಒಡೆದ ಟೇಬಲ್‌ಗೋ ಹೋಗಿ. 1 ಅಂದರೆ ಅಂಕಿ ಸರಿ, ಅಡ್ಡಸಾಲು ಕಂಬಸಾಲು ಅದಲುಬದಲಾಗಿದೆ, ಮೇಲಿನ ಎಡ ಮೂಲೆಯಲ್ಲಿ ಆಟಗಾರರ ಹೆಸರನ್ನು ಬಾಣದ ಸಮೇತ ದೊಡ್ಡದಾಗಿ ಬರೆಯಿರಿ. 7 ಅಂದರೆ ಎರಡೂ ತಪ್ಪಿದೆ, ಎರಡನ್ನೂ ಸರಿ ಮಾಡಿ ಇನ್ನೊಬ್ಬರ ಕೈಗೆ ಕೊಡಿ.